ಪುಸ್ತಕದ ಮೇಲಿರೋ ಹೆಸರು ಯಾರದ್ದು?

1/9

ಹೋದ ವಾರ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಹಾಕಿದ್ನಲ್ಲ, ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿ ನಿಂತಿರೋದು. ಅದಕ್ಕೆ ನೀವು ಕಳಿಸಿದ ಮೆಸೇಜ್‌ಗಳಲ್ಲಿ ಅರ್ಧ "ಹೋಗೋದು ಹೇಗೆ" ಅಂತ, ಇನ್ನರ್ಧ "ಕಟ್ಟಿಸಿದ್ದು ಯಾರು" ಅಂತ. ಮೊದಲನೇದು ಸುಲಭ. ಹಾಸನದಿಂದ ಗೊರೂರು ಕಡೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಮಳೆಗಾಲದಲ್ಲಿ ಹೋದ್ರೆ ನೀರು, ಬೇಸಿಗೇಲಿ ಹೋದ್ರೆ ಒಳಗೆಲ್ಲ ಓಡಾಡಬಹುದು. ಎರಡನೇದಕ್ಕೆ ಉತ್ತರ ಹುಡುಕೋಕೆ ಹೋಗಿ ನನ್ನ ಸೆಮಿಸ್ಟರ್ ರಜೆ ಪೂರ್ತಿ ಹೋಯ್ತು. ಅದಕ್ಕೇ ಈ ಸರಣಿ. ಉದ್ದ ಇದೆ, ಬಸ್ಸಲ್ಲಿ ಸೀಟು ಸಿಕ್ಕಿದ ಮೇಲೆ ಓದಿ.

ಈ ಚರ್ಚಿನ ರೀಲ್ಸ್ ನೋಡ್ತಾ ಹೋದ್ರೆ ಎರಡು ಮಾತು ಮತ್ತೆ ಮತ್ತೆ ಸಿಗತ್ತೆ. ಒಂದು, ಕಟ್ಟಿದ್ದು 1860ರ ದಶಕದಲ್ಲಿ. ಇನ್ನೊಂದು, ಕಟ್ಟಿಸಿದ್ದು ಅಬ್ಬೆ ದ್ಯುಬ್ವಾ ಅನ್ನೋ ಫ್ರೆಂಚ್ ಪಾದ್ರಿ. ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿರೋದನ್ನೂ ನಾನು ನೋಡಿದೀನಿ. ನಾವು ಬಿಕಾಂನೋರು, ಎರಡು ಅಂಕಿ ಅಕ್ಕಪಕ್ಕ ಕಂಡ್ರೆ ತಾಳೆ ನೋಡದೆ ಇರೋಕೆ ಆಗಲ್ಲ. ದ್ಯುಬ್ವಾ ಈ ದೇಶ ಬಿಟ್ಟು ಹೋಗಿದ್ದು 1823ರಲ್ಲಿ. ತೀರಿಕೊಂಡಿದ್ದು 1848ರಲ್ಲಿ, ಪ್ಯಾರಿಸ್‌ನಲ್ಲಿ. ಸತ್ತು ಹನ್ನೆರಡು ವರ್ಷ ಆದ ಮೇಲೆ ಎದ್ದು ಬಂದು ಗೊರೂರು ಹತ್ರ ಚರ್ಚ್ ಕಟ್ಟಿಸಿದ್ರಾ ಅಂದ್ರೆ, ಲೆಕ್ಕ ಕೂಡಲ್ಲ.

ಆದ್ರೂ ಆ ಹೆಸರೇ ಯಾಕೆ ಬಂತು? ಯಾಕಂದ್ರೆ ಆ ಸೀಮೆಯಲ್ಲಿ ಜನಕ್ಕೆ ಗೊತ್ತಿರೋ ಫ್ರೆಂಚ್ ಪಾದ್ರಿಯ ಹೆಸರು ಅದೊಂದೇ. ಹೆಸರಿಲ್ಲದ ಕೆಲಸ ಹತ್ತಿರದಲ್ಲಿರೋ ದೊಡ್ಡ ಹೆಸರಿಗೆ ಹೋಗಿ ಅಂಟಿಕೊಳ್ಳತ್ತೆ.

ಆಮೇಲೆ ಗೊತ್ತಾಯ್ತು, ದ್ಯುಬ್ವಾಗೆ ದೊಡ್ಡ ಹೆಸರು ತಂದುಕೊಟ್ಟ ಪುಸ್ತಕದ ಕಥೆಯೂ ಇದೇ ಅಂತ.

2/9

ಮೊದಲು ಮನುಷ್ಯನ ಪರಿಚಯ ಮಾಡ್ಕೊಳ್ಳಿ. ನಮ್ಮ ಕಡೆ ಹೆಸರನ್ನ ದುಬಾಯ್, ದುಬೋಯ್ ಅಂತೆಲ್ಲ ಬರೀತಾರೆ. ಪೂರ್ತಿ ಹೆಸರು ಜಾನ್ ಆಂತ್ವಾನ್ ದ್ಯುಬ್ವಾ. "ಅಬ್ಬೆ" ಹೆಸರಿನ ಭಾಗ ಅಲ್ಲ, ಫ್ರೆಂಚರು ಪಾದ್ರಿಗಳನ್ನ ಕರೆಯೋ ರೀತಿ, ನಾವು "ಸ್ವಾಮಿಗಳು" ಅಂತೀವಲ್ಲ ಹಾಗೆ. ದಕ್ಷಿಣ ಫ್ರಾನ್ಸಿನ ಹಳ್ಳಿಯವರು. ಅಲ್ಲಿ ಕ್ರಾಂತಿ ನಡೀತಾ ಇತ್ತು, ಪಾದ್ರಿ ಅನ್ನಿಸಿಕೊಳ್ಳೋದೇ ಅಪಾಯ ಅನ್ನೋ ಕಾಲ. 1792ರಲ್ಲಿ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಕಡೆಯಿಂದ ಇಂಡಿಯಾಕ್ಕೆ ಹೊರಟ್ರು. ಮೊದಲು ಪಾಂಡಿಚೇರಿ ಕಡೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ್ರು. ಟಿಪ್ಪು ಕಾಲದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನ ಮತ್ತೆ ಒಂದೆಡೆ ಸೇರಿಸೋ ಕೆಲಸ.

ಹಾಸನದ ಹತ್ರ ಸತ್ತಿಹಳ್ಳಿಯಲ್ಲಿ ಬೇಸಾಯ ಮಾಡ್ಕೊಂಡು ಬದುಕೋ ಹಾಗೆ ಅವರಿಗೆ ಒಂದು ನೆಲೆ ಮಾಡಿಕೊಟ್ರು. ಸಿಡುಬಿಗೆ ಲಸಿಕೆ ಹಾಕೋದು ಆಗಿನ್ನೂ ಹೊಸದು. ಇಂಗ್ಲೆಂಡಿನಲ್ಲಿ ಜೆನ್ನರ್ ಶುರು ಮಾಡಿ ಹತ್ತು ವರ್ಷ ಕೂಡ ಆಗಿರಲಿಲ್ಲ. ಆವಾಗಲೇ ಈ ಮನುಷ್ಯ ಮೈಸೂರು ಸೀಮೆಯಲ್ಲಿ ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದ್ರು. ಕೋವಿಡ್ ಟೈಮಲ್ಲಿ ನಮ್ಮ ಅಜ್ಜಿಯನ್ನ ಒಪ್ಪಿಸೋಕೆ ನಾವು ಎಷ್ಟು ಹೆಣಗಾಡಿದ್ವಿ ನೆನೆಸಿಕೊಳ್ಳಿ. ಇದು 1803, 1804ರ ಮಾತು.

ಎರಡನೇ ಸ್ಲೈಡಲ್ಲಿ ಅವರ ಚಿತ್ರ ಇದೆ ನೋಡಿ. ಕೋಟು ಹ್ಯಾಟು ಇಲ್ಲ, ಇಲ್ಲಿಯವರ ಬಟ್ಟೆ, ತಲೆಗೆ ಪೇಟ. ಊಟ, ನಡೆ ನುಡಿ ಎಲ್ಲ ಇಲ್ಲಿಯವರ ಹಾಗೇ ಮಾಡ್ಕೊಂಡಿದ್ರು. ಜನ ಅವರನ್ನ ದೊಡ್ಡಸ್ವಾಮಿಯವರು ಅಂತ ಕರೀತಿದ್ರು.

ಕೆಟ್ಟ ಮನುಷ್ಯನ ಕಥೆ ಹೇಳ್ತಾ ಇಲ್ಲ ನಾನು. ಇದು ನೆನಪಲ್ಲಿರಲಿ, ಮುಂದೆ ಬೇಕಾಗತ್ತೆ.

3/9

ಈಗ ದುಡ್ಡಿನ ವಿಷಯ. ನನಗೆ ಇಷ್ಟವಾದ ಭಾಗ.

ದ್ಯುಬ್ವಾ ಹತ್ರ ಫ್ರೆಂಚ್‌ನಲ್ಲಿ ಬರೆದ ದಪ್ಪ ಹಸ್ತಪ್ರತಿ ಒಂದಿತ್ತು. ಹಿಂದೂಗಳ ಆಚಾರ, ಜಾತಿ, ಮದುವೆ, ಸಾವು, ಶ್ರಾದ್ಧ, ಬ್ರಾಹ್ಮಣರ ದಿನಚರಿ, ಸನ್ಯಾಸ, ಎಲ್ಲ ಅದರಲ್ಲಿ. ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನ ಓದಿ ಮದ್ರಾಸ್ ಸರ್ಕಾರಕ್ಕೆ ಶಿಫಾರಸು ಮಾಡಿದ್ರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನ ಕೊಂಡುಕೊಳ್ತು. ಬೆಲೆ 2,000 ಸ್ಟಾರ್ ಪಗೋಡ. ಪಗೋಡ ಅಂದ್ರೆ ನಮ್ಮ ವರಹ. 1818ರಲ್ಲಿ ಮದ್ರಾಸ್ ಸರ್ಕಾರ ಒಂದು ವರಹಕ್ಕೆ ಮೂರೂವರೆ ರೂಪಾಯಿ ಅಂತ ನಿಗದಿ ಮಾಡಿತ್ತು. ಆ ದರ ಹಿಡಿದ್ರೆ 7,000 ರೂಪಾಯಿ. ಆ ಕಾಲದ ಏಳು ಸಾವಿರ, ಗುರು.

ಕಂಪನಿಗೆ ಇದು ಯಾಕೆ ಬೇಕಿತ್ತು? ಜ್ಞಾನದ ಹಸಿವೇನಲ್ಲ. ತಾನು ಆಳ್ತಾ ಇರೋ ಜನ ಹೇಗೆ ಯೋಚನೆ ಮಾಡ್ತಾರೆ ಅಂತ ಅಧಿಕಾರಿಗಳಿಗೆ ಗೊತ್ತಿರಲಿ ಅಂತ. ಇವತ್ತು ಕಂಪನಿಗಳು ನಮ್ಮ ಡೇಟಾ ಕೊಂಡುಕೊಳ್ಳಲ್ವಾ, ಸುಮಾರು ಅದೇ.

1816ರಲ್ಲಿ ಲಂಡನ್ನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯ್ತು. 1823ರಲ್ಲಿ ದ್ಯುಬ್ವಾ ವಾಪಸ್ ಹೋದ್ರು, ಕಂಪನಿ ಪಿಂಚಣಿಯನ್ನೂ ಕೊಟ್ಟಿತು. 1825ರಲ್ಲಿ ಫ್ರೆಂಚ್ ಮೂಲ ಪ್ಯಾರಿಸ್‌ನಲ್ಲಿ ಬಂತು. 1897ರಲ್ಲಿ ಬೋಷಾಂ ಅನ್ನೋರು ಹೊಸ ಇಂಗ್ಲಿಷ್ ಅನುವಾದ ತಂದ್ರು. ಮ್ಯಾಕ್ಸ್ ಮುಲ್ಲರ್ ಅದಕ್ಕೆ ಮುನ್ನುಡಿಯ ಮಾತು ಬರೆದ್ರು. ಇವತ್ತಿಗೂ ಆ ಪುಸ್ತಕ ಅಂಗಡಿಯಲ್ಲಿ ಸಿಗತ್ತೆ. ನಾನು ಓದಿದ್ದು ಲೈಬ್ರರಿ ಪ್ರತಿ, ಬೈಂಡಿಂಗ್ ಬಿಚ್ಚಿಹೋಗಿತ್ತು.

ಓದಿದ್ರೆ ಸಿಟ್ಟು ಬರೋ ಜಾಗಗಳು ಬೇಕಾದಷ್ಟಿವೆ, ಮೊದಲೇ ಹೇಳಿಬಿಡ್ತೀನಿ. ನಮ್ಮ ದೇವರು, ನಮ್ಮ ಹೆಂಗಸರು, ಎಲ್ಲದರ ಬಗ್ಗೆ ಮೇಲಿನಿಂದ ಕೆಳಗೆ ನೋಡಿ ಹೇಳಿದ ತೀರ್ಪುಗಳು. ಆದ್ರೆ ತೀರ್ಪು ಬಿಟ್ಟು ವಿವರಕ್ಕೆ ಬಂದ್ರೆ ಕಣ್ಣು ಸೂಕ್ಷ್ಮ. ಒಂದು ಮದುವೆಯಲ್ಲಿ ಯಾವುದಾದ ಮೇಲೆ ಯಾವುದು, ಯಾರ ಮನೇಲಿ ಯಾರು ಊಟ ಮಾಡಲ್ಲ, ಮೈಲಿಗೆ ಹೇಗೆ ಕಳೀತಾರೆ... ಮೂವತ್ತು ವರ್ಷ ಜೊತೆಗಿದ್ದು ನೋಡಿದವರು ಬರೆದ ಹಾಗಿದೆ ಅಂತ ಎಲ್ಲರೂ ಹೊಗಳಿದ್ರು.

ನೋಡಿದ್ದು ನಿಜ. ಯಾರು ನೋಡಿದ್ದು ಅನ್ನೋದೇ ಪ್ರಶ್ನೆ.

4/9

ಸಿಲ್ವಿಯಾ ಮ್ಯೂರ್. ಫ್ರೆಂಚ್ ಸಂಶೋಧಕಿ. ಈ ಹೆಸರು ಗೊತ್ತಿಲ್ಲದಿದ್ರೆ ಬೇಜಾರಿಲ್ಲ, ನನಗೂ ಎರಡು ತಿಂಗಳ ಹಿಂದೆ ಗೊತ್ತಿರಲಿಲ್ಲ.

ಲಂಡನ್ನಿನ ಇಂಡಿಯಾ ಆಫೀಸ್ ಲೈಬ್ರರಿಯಲ್ಲಿ ಅವರ ಕೈಗೆ ಒಂದು ಹಳೇ ಫ್ರೆಂಚ್ ಹಸ್ತಪ್ರತಿ ಬಂತು. 1777ರದ್ದು. ಸಿದ್ಧ ಮಾಡಿದವನು ದೆವೋ ಅನ್ನೋ ಫ್ರೆಂಚ್ ಫಿರಂಗಿ ಪಡೆಯ ಅಧಿಕಾರಿ. ಓದ್ತಾ ಹೋದ್ರೆ ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸೋ ಪುಟಗಳು. ದ್ಯುಬ್ವಾ ಪುಸ್ತಕದ ಜೊತೆ ಇಟ್ಟು ಹೋಲಿಸಿದ್ರೆ ದೊಡ್ಡ ದೊಡ್ಡ ಭಾಗಗಳೇ ತಾಳೆ ಆಗ್ತವೆ. 1777ರಲ್ಲಿ ದ್ಯುಬ್ವಾ ಫ್ರಾನ್ಸಿನ ಹಳ್ಳಿಯಲ್ಲಿ ಆಡಿಕೊಂಡಿದ್ದ ಹುಡುಗ. ಅಂದ್ಮೇಲೆ ನಕಲು ಯಾವ ಕಡೆಯಿಂದ ಯಾವ ಕಡೆಗೆ ಅಂತ ಕೇಳೋ ಅವಶ್ಯಕತೆಯೇ ಇಲ್ಲ.

1977ರಲ್ಲಿ ಮ್ಯೂರ್ ಇದನ್ನ ಪ್ರಕಟಿಸಿದಾಗ, ಹಾಗಾದ್ರೆ ನಿಜವಾದ ಲೇಖಕ ಈ ದೆವೋನಾ ಅಂತ ಕೇಳಿದ್ರು. ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೂ ಹತ್ತು ವರ್ಷ ಅಗೆದ್ರು. 1987ರಲ್ಲಿ ಎರಡು ಸಂಪುಟ ತಂದ್ರು. ದೆವೋ ಕೂಡ ಮೂಲ ಲೇಖಕ ಅಲ್ಲ, ಅವನು ಇನ್ನೊಬ್ಬರ ಬರಹವನ್ನ ಜೋಡಿಸಿ ಫ್ರಾನ್ಸಿಗೆ ಒಯ್ದವನು. ಆ ಇನ್ನೊಬ್ಬರು ಗಾಸ್ತೋ ಲೋರಾಂ ಕೇರ್ದೂ. ಪಾಂಡಿಚೇರಿಯಲ್ಲಿ 1779ರಲ್ಲಿ ತೀರಿಕೊಂಡ ಮುದುಕ ಪಾದ್ರಿ.

1816ರಿಂದ 1987. 171 ವರ್ಷ. ಒಂದು ಹೆಸರು ಪುಸ್ತಕದ ಮೇಲೆ ಕೂರೋಕೆ ಒಂದು ದಿನ ಸಾಕು, ಇಳಿಸೋಕೆ ಇಷ್ಟು ಕಾಲ ಹಿಡೀತು. ಇಳಿದಿದೆಯಾ ಅಂದ್ರೆ ಅದೂ ಇಲ್ಲ. ಆನ್‌ಲೈನ್‌ನಲ್ಲಿ ಹುಡುಕಿ ನೋಡಿ, ರಕ್ಷಾಪುಟದ ಮೇಲೆ ಇವತ್ತಿಗೂ ದ್ಯುಬ್ವಾ ಒಬ್ಬರೇ.

5/9

"ಯಾರು ಬರೆದ್ರೇನು, ವಿಷಯ ಸರಿ ಇದ್ರೆ ಸಾಕಲ್ವಾ?" ಇದನ್ನ ನಮ್ಮ ಕ್ಲಾಸಿನ ಒಬ್ಬ ಗೆಳೆಯ ಕೇಳ್ದ. ಒಳ್ಳೇ ಪ್ರಶ್ನೆ. ನಾನೂ ಒಂದು ಕ್ಷಣ ಸುಮ್ಮನಾದೆ.

ಆದ್ರೆ ಯೋಚಿಸಿ. ಕೇರ್ದೂ ಇಂಡಿಯಾಕ್ಕೆ ಬಂದಿದ್ದು 1732ರಲ್ಲಿ. ಅವರು ಬದುಕಿದ್ದು, ನೋಡಿದ್ದು ಹೆಚ್ಚಾಗಿ ತೆಲುಗು ಸೀಮೆ, ಆಮೇಲೆ ಪಾಂಡಿಚೇರಿ. ಅವರಿದ್ದ ಜೆಸ್ಯೂಟ್ ಮಿಷನ್ನಿನ ಹೆಸರು "ಕರ್ನಾಟಿಕ್ ಮಿಷನ್", ಹೆಸರು ನೋಡಿ ನಮ್ಮ ಕರ್ನಾಟಕ ಅಂದ್ಕೋಬೇಡಿ, ಆಗ ಆ ಪದ ಪೂರ್ವ ತೀರದ ಒಳನಾಡಿಗೆ ಅನ್ವಯಿಸ್ತಿತ್ತು. ದ್ಯುಬ್ವಾ ಇದ್ದಿದ್ದು ಅರ್ಧ ಶತಮಾನ ಆದ ಮೇಲೆ, ಮೈಸೂರು ಸೀಮೆಯಲ್ಲಿ. ಈಗ ಯಾರೋ ಪಿಎಚ್‌ಡಿ ಮಾಡೋರು ಈ ಪುಸ್ತಕದಿಂದ ಒಂದು ಸಾಲು ಎತ್ತಿಕೊಂಡು "1800ರ ಮೈಸೂರಲ್ಲಿ ಜಾತಿ ಪದ್ಧತಿ ಹೀಗಿತ್ತು" ಅಂತ ಬರೀತಾರೆ ಅಂದ್ಕೊಳ್ಳಿ. ಆ ಸಾಲು 1760ರ ಆಂಧ್ರದ ಯಾವುದೋ ಊರಿನದ್ದಾಗಿರಬಹುದು. ಊರೂ ತಪ್ಪು, ಕಾಲವೂ ತಪ್ಪು. ಅದರ ಮಧ್ಯೆ ಹೈದರ್, ಟಿಪ್ಪು, ನಾಲ್ಕು ಮೈಸೂರು ಯುದ್ಧ ಆಗಿ ಹೋಗಿವೆ!

ಅಕೌಂಟ್ಸಲ್ಲಿ ವೋಚರ್ ಯಾಕೆ ಕೇಳ್ತಾರೆ? ದುಡ್ಡು ಖರ್ಚಾಗಿದ್ದು ನಿಜವೇ ಇರಬಹುದು. ಯಾವತ್ತು, ಯಾರಿಗೆ, ಯಾತಕ್ಕೆ ಅನ್ನೋದು ತಪ್ಪಾದ್ರೆ ಆ ವರ್ಷದ ಇಡೀ ಲೆಕ್ಕ ತಪ್ಪು. ಲೇಖಕರ ಹೆಸರೂ ಒಂದು ವೋಚರ್. ಗೆಳೆಯನಿಗೆ ಇಷ್ಟು ಹೇಳಿದ್ದಕ್ಕೆ "ಆಯ್ತು ಮಹಾರಾಯ್ತಿ, ಟೀ ಕುಡಿ" ಅಂದ.

ದ್ಯುಬ್ವಾ ಕದ್ದರಾ? ಇದಕ್ಕೆ ಒಂದೇ ಪದದ ಉತ್ತರ ನನ್ನ ಹತ್ರ ಇಲ್ಲ. ಅವರದೇ ಅನುಭವ, ಅವರದೇ ಸೇರ್ಪಡೆ ಪುಸ್ತಕದಲ್ಲಿ ಖಂಡಿತ ಇದೆ. ಕೈಗೆ ಸಿಕ್ಕ ಚದುರಿದ ಬರಹಗಳನ್ನ ಬಳಸಿಕೊಂಡಿದೀನಿ ಅನ್ನೋ ಅರ್ಥದ ಮಾತು ಮುನ್ನುಡಿಯಲ್ಲೂ ಬರತ್ತೆ. ಇನ್ನೊಂದು ವಿಷಯ, ಜೆಸ್ಯೂಟರ ಸಂಸ್ಥೆಯನ್ನ ಫ್ರಾನ್ಸ್ 1764ರಲ್ಲಿ ನಿಷೇಧ ಮಾಡ್ತು, 1773ರಲ್ಲಿ ಪೋಪ್ ಇಡೀ ಸಂಸ್ಥೆಯನ್ನೇ ರದ್ದು ಮಾಡಿದ್ರು. ಇಲ್ಲಿದ್ದ ಅವರ ಮಿಷನ್ನನ್ನ 1776ರಲ್ಲಿ ದ್ಯುಬ್ವಾ ಅವರ ಸಂಸ್ಥೆಗೆ ವಹಿಸಿಕೊಟ್ರು. ಒಂದು ಕಂಪನಿ ಮುಚ್ಚಿ ಇನ್ನೊಂದು ಕಂಪನಿ ಅದನ್ನ ವಹಿಸಿಕೊಂಡಾಗ ಬೀರು, ಬೆಂಚು, ಕಡತ ಎಲ್ಲ ಹೊಸಬರ ಕೈಗೆ ಬರತ್ತಲ್ಲ, ಹಾಗೆ. ಇಲ್ಲಿಯವರೆಗೆ ಅವರ ಪರ. ಆದ್ರೆ ಚದುರಿದ ಬರಹಕ್ಕೂ ಬರೆದವರೊಬ್ಬರು ಇರ್ತಾರೆ. ಅವರ ಹೆಸರು ಹೇಳದೆ 2,000 ವರಹ ತಗೊಂಡಿದ್ದು ಸರಿ ಅಂತ ನನಗೆ ಅನ್ನಿಸಲ್ಲ. ಲಸಿಕೆ ಹಾಕಿಸಿದ ಪುಣ್ಯ ಆ ಖಾತೆಗೆ, ಇದು ಈ ಖಾತೆಗೆ. ಒಂದರಲ್ಲಿ ಇನ್ನೊಂದನ್ನ ವಜಾ ಮಾಡೋಕೆ ಆಗಲ್ಲ.

ಅಂದಹಾಗೆ ನಮ್ಮ ಭಾಷೆಗೂ ದ್ಯುಬ್ವಾಗೂ ಒಂದು ನಂಟಿದೆ. 1826ರಲ್ಲಿ ಅವರು ಪಂಚತಂತ್ರವನ್ನ ಫ್ರೆಂಚ್‌ಗೆ ತಂದ್ರು, ಸಂಸ್ಕೃತದಿಂದ ಅಲ್ಲ, ತಮಿಳು, ತೆಲುಗು, ಕನ್ನಡದ ಪ್ರತಿಗಳನ್ನ ಇಟ್ಕೊಂಡು. ಅದರ ಬಗ್ಗೆ ಯಾವತ್ತಾದ್ರೂ ಬೇರೆ ಪೋಸ್ಟ್.

6/9

ಈಗ ಕೇರ್ದೂ. ಪಾಪದ ಮನುಷ್ಯ. ಅವರಿಗೆ ಹೀಗಾಗಿದ್ದು ಇದೊಂದೇ ಸಲ ಅಲ್ಲ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನವು ಅಂತ ಕಂಡುಹಿಡಿದದ್ದು ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿರೋರು ಥಟ್ ಅಂತ ಹೇಳ್ತೀರ: ವಿಲಿಯಂ ಜೋನ್ಸ್, 1786, ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿ. ಮಾರ್ಕ್ಸ್ ಬರತ್ತೆ, ಬಿಡಿ.

ಆದ್ರೆ 1767ರಲ್ಲೇ ಕೇರ್ದೂ ಪಾಂಡಿಚೇರಿಯಿಂದ ಪ್ಯಾರಿಸ್‌ನ ವಿದ್ವತ್ ಅಕಾಡೆಮಿಗೆ ಬರೆದಿದ್ರು. ಕೇಳಿದ ಪ್ರಶ್ನೆ ತುಂಬ ಸರಳ. ಸಂಸ್ಕೃತದಲ್ಲಿ ಇಷ್ಟೊಂದು ಪದಗಳು ಲ್ಯಾಟಿನ್, ಗ್ರೀಕ್ ಪದಗಳನ್ನ ಹೋಲೋದು ಹೇಗೆ? ದೇವ ಅಲ್ಲಿ ದೇಉಸ್. ದಾನಂ ಅಲ್ಲಿ ದೋನುಂ. ವಿಧವಾ ಅಲ್ಲಿ ವಿದುವಾ. ಇಂಥ ಜೋಡಿಗಳ ಪಟ್ಟಿ ಕೊಟ್ರು. ಪದಗಳನ್ನ ವ್ಯಾಪಾರದಲ್ಲಿ ಎರವಲು ತಗೊಂಡಿರಬಹುದು ಅಂತ ಯಾರಾದ್ರೂ ಹೇಳಬಹುದಲ್ಲ? ಅದಕ್ಕೆ ಕ್ರಿಯಾಪದಕ್ಕೂ ಹೋದ್ರು. ಸಂಸ್ಕೃತದ ಅಸ್ಮಿ, ಅಸಿ, ಅಸ್ತಿ ಸಾಲನ್ನ ಲ್ಯಾಟಿನ್, ಗ್ರೀಕ್ ಸಾಲುಗಳ ಪಕ್ಕ ಇಟ್ರು. ಬಸ್ ಟಿಕೆಟ್ ಅನ್ನೋ ಪದಗಳನ್ನ ನಾವು ಇಂಗ್ಲಿಷಿಂದ ತಗೊಂಡ್ವಿ, ಆದ್ರೆ "ಇದೀನಿ, ಇದೀಯ, ಇದಾನೆ" ಅನ್ನೋದನ್ನ ಯಾರೂ ಎರವಲು ತಗೊಳಲ್ಲ. ಅದು ಮನೆತನದಿಂದ ಬರೋದು. ಅವರು ಕೊಟ್ಟ ವಿವರಣೆ ಬೈಬಲ್ಲಿನ ಜನಾಂಗಗಳ ಕಥೆಗೆ ಜೋತುಬಿದ್ದಿತ್ತು, ಅದನ್ನ ಇವತ್ತು ಯಾರೂ ಒಪ್ಪಲ್ಲ. ಆದ್ರೆ ಹೋಲಿಕೆ ಹಿಡಿದ ರೀತಿ ಸರಿ ಇತ್ತು.

ಅಕಾಡೆಮಿ ಓದ್ತು. ಕಪಾಟಲ್ಲಿ ಇಡ್ತು. ಅಚ್ಚಾಗಿದ್ದು 1808ರಲ್ಲಿ. ನಲವತ್ತು ವರ್ಷ! ಅಷ್ಟರಲ್ಲಿ ಕೇರ್ದೂ ಹೋಗಿ 29 ವರ್ಷ ಆಗಿತ್ತು, ಜೋನ್ಸ್ ಹೆಸರು ಯುರೋಪೆಲ್ಲ ಹಬ್ಬಿತ್ತು.

ಅವರಿಗಿಂತ ಮೊದಲು ಯಾರೂ ಗಮನಿಸಿರಲಿಲ್ಲ ಅಂತ ಅಲ್ಲ. 1580ರ ದಶಕದಲ್ಲೇ ಫಿಲಿಪ್ಪೊ ಸಾಸೆಟ್ಟಿ ಅನ್ನೋ ಇಟಲಿಯವನು ಇಲ್ಲಿಂದ ಬರೆದ ಪತ್ರಗಳಲ್ಲಿ ಸಂಸ್ಕೃತದ ಅಂಕಿಗಳು, ದೇವ, ಸರ್ಪ ಅನ್ನೋ ಪದಗಳು ಇಟಾಲಿಯನ್‌ಗೆ ಹತ್ತಿರ ಇವೆ ಅಂತ ಬರೆದಿದ್ದ. ಅವನು ಪಂಡಿತನೂ ಅಲ್ಲ, ಪಾದ್ರಿಯೂ ಅಲ್ಲ. ವ್ಯಾಪಾರಿ. ಕಾಮರ್ಸ್‌ನೋರಿಗೆ ಜೈ.

7/9

1808ರಲ್ಲಿ ಆ ಪತ್ರ ಅಚ್ಚಾಗೋಕೆ ಕಾರಣ ಒಬ್ಬ ವಿಚಿತ್ರ ಮನುಷ್ಯ, ಅಂಕಿತೀಲ್ ದ್ಯುಪೆರೋ. ಈ ಕಥೆ ಸಿನಿಮಾ ಆಗಬೇಕಿತ್ತು.

ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾವನ್ನ ಓದಲೇಬೇಕು ಅಂತ ಹಠ. ಇಂಡಿಯಾಕ್ಕೆ ಬರೋಕೆ ದುಡ್ಡಿಲ್ಲ. 1754ರಲ್ಲಿ, 23ನೇ ವಯಸ್ಸಲ್ಲಿ, ಫ್ರೆಂಚ್ ಕಂಪನಿಗೆ ಮಾಮೂಲಿ ಸಿಪಾಯಿಯಾಗಿ ಸೇರಿಬಿಟ್ಟ. ನಮಗಿಂತ ಮೂರು ವರ್ಷ ದೊಡ್ಡವನು ಅಷ್ಟೇ, ನೋಡ್ಕೊಳ್ಳಿ. ಪಾಂಡಿಚೇರಿಗೆ ಬಂದ, ಕೊನೆಗೆ ಸೂರತ್ತಿಗೆ ಹೋಗಿ ಅಲ್ಲಿನ ಪಾರ್ಸಿ ಗುರು ದಸ್ತೂರ್ ದಾರಾಬ್ ಅವರ ಹತ್ರ ಕಲಿತ. 1762ರಲ್ಲಿ 180 ಹಸ್ತಪ್ರತಿ ಹೊತ್ತುಕೊಂಡು ಊರಿಗೆ ವಾಪಸ್. 1771ರಲ್ಲಿ ಅವೆಸ್ತಾದ ಅನುವಾದ ಮೂರು ಸಂಪುಟದಲ್ಲಿ ಬಂತು. ಕಲಿಸಿದ ಗುರುವಿನ ಹೆಸರನ್ನ ಅವನೇ ಬರೆದಿಟ್ಟಿದ್ದಕ್ಕೆ ದಾರಾಬ್ ಯಾರು ಅಂತ ಇವತ್ತು ನಮಗೆ ಗೊತ್ತು.

ಅದೇ ವರ್ಷ ಇಂಗ್ಲೆಂಡಿಂದ ಒಬ್ಬ ಇಪ್ಪತ್ತೈದರ ಯುವಕ ಫ್ರೆಂಚ್‌ನಲ್ಲೇ ಒಂದು ಕಿರುಪುಸ್ತಕ ಬರೆದು ಅಂಕಿತೀಲನನ್ನ ಹಿಗ್ಗಾಮುಗ್ಗಾ ಗೇಲಿ ಮಾಡಿದ. ಹೆಸರು ಹಾಕಿರಲಿಲ್ಲ. ಆ ಯುವಕ ವಿಲಿಯಂ ಜೋನ್ಸ್. ಹೌದು, ಅದೇ ಜೋನ್ಸ್.

ಅಂಕಿತೀಲ್ ಕೊನೆಗಾಲದಲ್ಲಿ ಬಡತನದಲ್ಲಿ ಕೂತು ಐವತ್ತು ಉಪನಿಷತ್ತುಗಳನ್ನ ಲ್ಯಾಟಿನ್ನಿಗೆ ತಂದ, 1801, 1802ರಲ್ಲಿ ಅಚ್ಚಾಯ್ತು. ಅದು ಸಂಸ್ಕೃತದಿಂದ ಅಲ್ಲ, 1657ರಲ್ಲಿ ದಾರಾ ಶಿಕೋಹ್ ಕಾಶಿಯ ಪಂಡಿತರನ್ನ ಇಟ್ಕೊಂಡು ಮಾಡಿಸಿದ ಪಾರಸಿ ಅನುವಾದದಿಂದ. ಜರ್ಮನಿಯ ಶೋಪೆನ್‌ಹಾವರ್ ತಲೆ ಮೇಲೆ ಹೊತ್ತು ಮೆರೆದ ಉಪನಿಷತ್ತು ಇದೇ. ಪಂಡಿತರು ಪಾರಸಿಯಲ್ಲಿ ಹೇಳಿ, ಪಾರಸಿ ಲ್ಯಾಟಿನ್ ಆಗಿ, ಲ್ಯಾಟಿನ್ ಜರ್ಮನ್ನನ ಮನಸ್ಸಿಗೆ ಹೋಯ್ತು. ದಾರಾ ಹೆಸರು ಉಳೀತು, ಅಂಕಿತೀಲ್ ಹೆಸರು ಉಳೀತು. ಆ ಕಾಶಿ ಪಂಡಿತರು "ಪಂಡಿತರು" ಆಗಿಯೇ ಉಳಿದ್ರು.

ಕೇರ್ದೂ ಜೊತೆ ಅಂಕಿತೀಲನ ಪತ್ರವ್ಯವಹಾರ ಇತ್ತು. ಅಕಾಡೆಮಿಯ ಕಪಾಟಲ್ಲಿದ್ದ ಪತ್ರವನ್ನ ಕೇರ್ದೂ ಹೆಸರಲ್ಲೇ ಅಚ್ಚಿಗೆ ಸಿದ್ಧ ಮಾಡಿದ್ದು ಅವನೇ. ಅದು ಅಚ್ಚಾಗಿ ಬರೋ ಹೊತ್ತಿಗೆ ಅವನೂ ಇರಲಿಲ್ಲ, 1805ರಲ್ಲೇ ತೀರಿಕೊಂಡಿದ್ದ.

8/9

ಇಷ್ಟು ಓದಿ ಕೇರ್ದೂ ಬಗ್ಗೆ ಕರುಳು ಚುರ್ ಅಂತಾ? ನನಗೂ ಅಂತು. ಆಮೇಲೆ ಅವರ 1742ರ ಪತ್ರದ ವಿಷಯ ಗೊತ್ತಾಯ್ತು.

ಆ ಕಾಲದಲ್ಲಿ ನಮ್ಮ ಪೂರ್ವ ತೀರದ ಬಣ್ಣದ ಹತ್ತಿ ಬಟ್ಟೆ ಅಂದ್ರೆ ಯುರೋಪಿಗೆ ಹುಚ್ಚು. ಒಗೆದಷ್ಟೂ ಬಣ್ಣ ಹೊಳೀತಿತ್ತು, ಅಲ್ಲಿಯವರಿಗೆ ಆ ಗುಟ್ಟು ಗೊತ್ತಿರಲಿಲ್ಲ. ಫ್ರಾನ್ಸಿನಲ್ಲಿ ಅಲ್ಲಿನ ರೇಷ್ಮೆ, ಉಣ್ಣೆ ನೇಯೋರಿಗೆ ಹೊಡೆತ ಬಿತ್ತು ಅಂತ 1686ರಿಂದ 1759ರ ತನಕ ಈ ಬಟ್ಟೆಯನ್ನೇ ನಿಷೇಧ ಮಾಡಿದ್ರು. ಆದ್ರೂ ಕಳ್ಳಸಾಗಣೆಯಲ್ಲಿ ಬರ್ತಾನೇ ಇತ್ತು. ಇಂಟರ್‌ನ್ಯಾಷನಲ್ ಬಿಸಿನೆಸ್ ಪೇಪರಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಕೇರ್ದೂ ಆ ಗುಟ್ಟನ್ನ ಹಂತ ಹಂತವಾಗಿ ಬರೆದು ಫ್ರಾನ್ಸಿಗೆ ಕಳಿಸಿದ್ರು. ಬಟ್ಟೆಯನ್ನ ಅಳಲೆಕಾಯಿ ಪುಡಿ ಮತ್ತು ಎಮ್ಮೆ ಹಾಲಲ್ಲಿ ನೆನೆಸಬೇಕು. ಬಿಸಿಲಲ್ಲಿ ಒಣಗಿಸಬೇಕು. ತೂತು ಮಾಡಿದ ಕಾಗದದ ಮೇಲೆ ಇದ್ದಿಲ ಪುಡಿ ಉಜ್ಜಿ ನಕ್ಷೆ ಇಳಿಸಬೇಕು. ಕಪ್ಪು ಗೆರೆಗೆ ಕಬ್ಬಿಣದ ನೀರು, ಕೆಂಪು ಬೇಕಾದ ಕಡೆ ಪಟಿಕದ ನೀರು. ಆಮೇಲೆ ಒಂದು ಜಾತಿ ಬೇರಿನ ಬಣ್ಣದಲ್ಲಿ ಕುದಿಸಿದ್ರೆ ಪಟಿಕ ಹಚ್ಚಿದ ಜಾಗ ಮಾತ್ರ ಕೆಂಪು ಹಿಡಿಯತ್ತೆ. ನೀಲಿ ಬೇಡದ ಜಾಗಕ್ಕೆಲ್ಲ ಮೇಣ ಬಳಿದು ನೀಲಿ ತೊಟ್ಟಿಯಲ್ಲಿ ಅದ್ದಬೇಕು. ಹಬ್ಬಕ್ಕೆ ನೀವು ಹಾಕೋ ಕಲಂಕಾರಿ ಬ್ಲೌಸ್ ಇದೇ ವಂಶದ್ದು, ಕಾಳಹಸ್ತಿಯಲ್ಲಿ ಇವತ್ತಿಗೂ ಅಳಲೆಕಾಯಿ, ಹಾಲು ಬಳಸ್ತಾರೆ.

ಇದೆಲ್ಲ ಅವರಿಗೆ ಹೇಳಿದ್ದು ಯಾರು? ಹೊಸದಾಗಿ ಕ್ರೈಸ್ತರಾಗಿದ್ದ ಬಣ್ಣದ ಕೆಲಸದವರು. ತಮ್ಮ ಪಾದ್ರಿ ಕೇಳಿದ್ರು, ಇವರು ಹೇಳಿದ್ರು. ಆ ಪತ್ರ ಪುಸ್ತಕವಾಯ್ತು, ಅದರ ಮೇಲೆ ಕೇರ್ದೂ ಹೆಸರು ಬಂತು. ಕೈ ಕೆಂಪಾಗಿಸಿಕೊಂಡವರ ಹೆಸರು ಇಲ್ಲ.

ಸಿಲ್ವಿಯಾ ಮ್ಯೂರ್ ಹುಡುಕಬಹುದಾಗಿದ್ದು ಕಾಗದದ ಮೇಲೆ ಇದ್ದ ಹೆಸರನ್ನ. ಕಾಗದಕ್ಕೇ ಬರದ ಹೆಸರನ್ನ ಯಾರು ಹುಡುಕ್ತಾರೆ?

9/9

ಇದು ನನಗೆ ಇಷ್ಟು ತಟ್ಟೋಕೆ ಕಾರಣ ಇದೆ. ಈ ಪೇಜ್ ಮೊದಲಿಂದ ನೋಡ್ತಿರೋರಿಗೆ ಗೊತ್ತು, ನಮ್ಮ ಅಮ್ಮ ಸೀರೆಗೆ ಕುಚ್ಚು ಕಟ್ತಾರೆ. ನನ್ನ ಕಾಲೇಜು ಫೀಸು ಹೋಗೋದು ಅದರಲ್ಲೇ. ಹೋದ ವರ್ಷ ಒಂದು ಬುಟಿಕ್‌ಗೆ ಕಟ್ಟಿಕೊಟ್ಟ ಕುಚ್ಚು, ಮಣಿ ಸೇರಿಸಿ ಮೂರು ಎಳೆ ಮಡಿಸೋ ಒಂದು ಗಂಟು, ಅವರ ಪೇಜಲ್ಲಿ ಬಂತು. "ನಮ್ಮದೇ ವಿನ್ಯಾಸ" ಅಂತ ಬರ್ಕೊಂಡಿದ್ರು. ಲೈಕ್ಸ್ ಸಾವಿರಗಟ್ಟಲೆ. ಬೆಲೆ ಅಮ್ಮನಿಗೆ ಕೊಟ್ಟಿದ್ದರ ಆರು ಪಟ್ಟು. ಯಾವ ಬುಟಿಕ್ ಅಂತ ಕೇಳಬೇಡಿ, ಅಮ್ಮನಿಗೆ ಅಲ್ಲಿಂದ ಈಗಲೂ ಕೆಲಸ ಬರತ್ತೆ.

ನಾನು ಕೆಂಡವಾಗಿದ್ದೆ. ಅಮ್ಮ ಮಾತ್ರ "ಹೆಸರು ಹಾಕಿದ್ರೆ ಕೂಲಿ ಜಾಸ್ತಿ ಕೊಡ್ತಾರೇನೇ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಈ ಸರಣಿ ಬರೆಯೋವಾಗ ಕೇರ್ದೂ ಪತ್ರದ ವಿಷಯ ಅವರಿಗೆ ಹೇಳ್ದೆ. ಎಮ್ಮೆ ಹಾಲು ಯಾಕೆ ಅಂತ ನನಗೆ ಅರ್ಥ ಆಗಿರಲಿಲ್ಲ. ಅಮ್ಮ ದಾರ ಸುತ್ತುತ್ತಾನೇ "ಜಿಡ್ಡಿದ್ರೆ ಬಣ್ಣ ಹರಡಲ್ಲ ಕಣೇ, ಗೆರೆ ಗೆರೆಯಾಗೇ ನಿಲ್ಲತ್ತೆ" ಅಂದ್ರು. ಆಮೇಲೆ ನೋಡಿದ್ರೆ ಕಲಂಕಾರಿ ಬಗ್ಗೆ ಬರೆದೋರು ಕೊಡೋ ಕಾರಣವೂ ಅದೇ.

ಈಗ ಕೊಡೋ ಮುಂಚೆ ಪ್ರತಿ ಸೀರೆ ಕುಚ್ಚಿನ ಫೋಟೋ ತೆಗೆದು ತಾರೀಖು ಹಾಕಿ ಇಟ್ಕೊಳ್ತೀವಿ. ಕಾನೂನಲ್ಲಿ ಎಷ್ಟು ನಿಲ್ಲತ್ತೋ, ಬಿಸಿನೆಸ್ ಲಾ ಮೇಡಂ ಹತ್ರ ಕೇಳಬೇಕು. ಕೊನೇ ಸ್ಲೈಡಲ್ಲಿರೋದು ಆ ಗಂಟಿನ ಫೋಟೋ. ಅದರ ಕೆಳಗೆ ಅಮ್ಮನ ಹೆಸರು ಬರೀತೀನಿ ಅಂದೆ.

"ಬರಿ. ಆದ್ರೆ ಆ ಗಂಟು ನಾನು ಕಲ್ತಿದ್ದು ಎದುರು ಮನೆ ಅತ್ತೆ ಹತ್ರ. ಅವರದ್ದೂ ಹಾಕು" ಅಂದ್ರು. ಅತ್ತೆ ಹತ್ರ ಹೋಗಿ ಕೇಳಿದ್ರೆ, ಅವರು ಕಲಿತಿದ್ದು ತವರಲ್ಲಿ, ಅವರ ದೊಡ್ಡಮ್ಮನಿಂದ. ದೊಡ್ಡಮ್ಮನಿಗೆ ಈಗ ತೊಂಬತ್ತರ ಹತ್ತಿರ, ಅರಕಲಗೂಡು ಕಡೆ ಹಳ್ಳಿಯಲ್ಲಿದಾರೆ. ಭಾನುವಾರ ಹೋಗ್ತಾ ಇದೀನಿ. ಯಾರಾದ್ರೂ ಆ ಕಡೆಯೋರು ಬೈಕಲ್ಲಿ ಹೋಗೋದಿದ್ರೆ ಮೆಸೇಜ್ ಮಾಡಿ, ಪೆಟ್ರೋಲ್ ಅರ್ಧ ನಂದು.